ಪದಚೀಟಿ 38: ‘ಅಬ್ಸರ್ಡ್’ ಕೊನೆಗೂ ಶ್ರುತಿಗೆ ಬಂತು

ಮೂರು ವಾರ ಸತಾಯಿಸಿದ ಚೀಟಿ ನಿನ್ನೆ ರಾತ್ರಿ ಮುಗಿಯಿತು. ಖುಷಿ ತಡೆಯಲಾಗದೆ ಬರೆಯುತ್ತಿದ್ದೇನೆ. ಹೊಸಬರಿಗೆ ಒಂದು ಮಾತು: ಪದಚೀಟಿಯ ಮುಂದೆ ಒಂದು ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಶಾಯಿಯಿಂದ ಬರೆಯುತ್ತೇನೆ, ಹಿಂದೆ ಅದರ ಕನ್ನಡ.

ಕಾಗದ ಕತ್ತರಿಸಿದ್ದು, ಗೆರೆ ಎಳೆದದ್ದು, ನಿಬ್ ತೊಳೆದದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಅಂಗಡಿಯವರ ಮೇಲಿನ ಸಿಟ್ಟನ್ನು ಮಾತ್ರ ಹೇಳಿಕೊಳ್ಳಲೇಬೇಕು. ಹೊಳಪಿಲ್ಲದ 300 ಜಿಎಸ್ಎಂ ದಪ್ಪ ಕಾಗದ ಕೇಳಿದರೆ ನುಣುಪು ಕಾಗದ ಕಳಿಸಿದರು. ಶಾಯಿ ಹೀರಲೇ ಇಲ್ಲ. ಒಂಬತ್ತು ಚೀಟಿಗಳಲ್ಲಿ ‘ಅಬ್ಸರ್ಡ್’ನ ಅರ್ಕಾವೊತ್ತು ಬೆರಳಿಗೆ ಅಂಟಿ ಅಂಚಿನವರೆಗೂ ಬಾಲ ಬಿಟ್ಟಿತು. ಫೋನ್ ಮಾಡಿದರೆ “ಎರಡು ದಿನ ಒಣಗಿಸಿ ಸಾರ್” ಅಂದರು!

ನಿಜವಾದ ತೊಡಕು ಚೀಟಿಯ ಹಿಂಬದಿಯಲ್ಲಿತ್ತು. ಅಲ್ಲಿ ಒಂದೇ ಸಾಲು ಕನ್ನಡ. ಪದದ ಅರ್ಥವೂ ಹುಟ್ಟೂ ಅದರಲ್ಲೇ ಕಾಣಬೇಕು. ನಿಘಂಟು ತೆರೆದರೆ ‘ಅಸಂಬದ್ಧ’ ಸಿಗುತ್ತದೆ. ಅರ್ಥ ಸರಿ, ಚಿತ್ರ ಬೇರೆ. ‘ಅಸಂಬದ್ಧ’ದಲ್ಲಿರುವುದು ಕಟ್ಟು: ಒಂದಕ್ಕೊಂದು ಕಟ್ಟಿಕೊಳ್ಳದ್ದು. ‘ಅಬ್ಸರ್ಡ್’ನಲ್ಲಿರುವುದು ಕಿವಿ. ಲ್ಯಾಟಿನ್ನಿನ ‘ಅಬ್ಸರ್ಡಸ್’ ಅಂದರೆ ಕಿವಿಗೆ ಒಗ್ಗದ ನಾದ. ರೋಮಿನ ವಾಗ್ಮಿ ಸಿಸೆರೊ ಈ ಪದವನ್ನು ಕೆಟ್ಟ ದನಿಗೂ ಬಳಸಿದ್ದಾನೆ. ಬುದ್ಧಿಗೆ ಒಗ್ಗದ ಮಾತಿಗೂ ಅದೇ ಪದ ನಡೆಯಿತು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಅಲ್ವಾ? ಆದರೆ ಒಳಗಿನ ‘ಸರ್ಡಸ್’ ಬಿಡಲಿಲ್ಲ. ಅದಕ್ಕೆ ಕಿವುಡ ಅಂತ ಅರ್ಥ. ಗಣಿತದ ‘ಸರ್ಡ್’ ಕೂಡ ಇದೇ ಮನೆಯದು. 2ರ ವರ್ಗಮೂಲದಂಥ, ಎರಡು ಪೂರ್ಣಾಂಕಗಳ ಅನುಪಾತವಾಗಿ ಬರೆಯಲಾಗದ ಸಂಖ್ಯೆಗೆ ಆ ಹೆಸರು. ಅಂಥವನ್ನು ಗ್ರೀಕರು ‘ಅಲೊಗೊಸ್’, ಅಂದರೆ ‘ಲೋಗೊಸ್’ ಇಲ್ಲದ್ದು, ಅಂದರು. ‘ಲೋಗೊಸ್’ ಅಂದರೆ ಅನುಪಾತವೂ ಹೌದು, ಮಾತೂ ಹೌದು. ಅರಬ್ಬೀ ಗಣಿತಜ್ಞರು ಅದನ್ನು ‘ಅಸಮ್’, ಅಂದರೆ ಕಿವುಡು, ಎಂದರು. 12ನೇ ಶತಮಾನದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದವರು ಅದನ್ನೇ ‘ಸರ್ಡಸ್’ ಮಾಡಿದರು. ಅನುಪಾತ ಇಲ್ಲದ್ದು ಮಾತಿಲ್ಲದ್ದಾಗಿ, ಮಾತಿಲ್ಲದ್ದು ಕಿವಿ ಕೇಳದ್ದಾಯಿತು!

ನಮ್ಮ ಶಾಲೆಯ ಪುಸ್ತಕದಲ್ಲಿ ಅದೇ ಸಂಖ್ಯೆಗೆ ‘ಕರಣಿ’ ಅನ್ನುತ್ತಾರೆ. ಮಾಡುವಂಥದ್ದು ಅಂತ ಅರ್ಥ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಸಂಸ್ಕೃತ ಗ್ರಂಥಗಳಾದ ಶುಲ್ಬಸೂತ್ರಗಳಲ್ಲಿ ‘ದ್ವಿಕರಣಿ’ ಬರುತ್ತದೆ. ಚೌಕದ ಮೂಲೆಯಿಂದ ಮೂಲೆಗೆ ಹಗ್ಗ ಎಳೆಯಿರಿ. ಆ ಉದ್ದವನ್ನೇ ಬದಿಯಾಗಿ ಇಟ್ಟರೆ ಎರಡರಷ್ಟು ವಿಸ್ತೀರ್ಣದ ಚೌಕ ಆಗುತ್ತದೆ. ಅಲ್ಲಿ ಕಿವುಡು ಅನಿಸಿಕೊಂಡದ್ದು ಇಲ್ಲಿ ದುಡಿಯುತ್ತಿದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಆದರೂ ಹಿಂಬದಿಯ ಸಾಲು ಸಿಕ್ಕಿರಲಿಲ್ಲ. ‘ಕಿವುಡು ಮಾತು’ ಬರೆದೆ, ಹೊಡೆದುಹಾಕಿದೆ. ಅದರಲ್ಲಿ ಅರ್ಥವೇ ತಿರುಗಿಬಿಡುತ್ತದೆ. ತಪ್ಪು ಕಿವಿಯದಲ್ಲ, ನಾದದ್ದು. ‘ಅಪಸ್ವರ’ ಹತ್ತಿರ ಬಂತು, ಆದರೆ ಅದು ಜಗಳಕ್ಕೂ ಮನಸ್ತಾಪಕ್ಕೂ ಸವೆದುಹೋಗಿದೆ.

ಭಾನುವಾರ ಅಕ್ಕನ ಮಗಳನ್ನು ಪಾಠಕ್ಕೆ ಬಿಡಲು ಹೋಗಿದ್ದೆ. ಮೇಷ್ಟ್ರು ತಂಬೂರಿ ಶ್ರುತಿ ಮಾಡುತ್ತಿದ್ದರು. ತಂತಿಯ ಕೆಳಗಿನ ಜೀವಾಳಿ ದಾರವನ್ನು ಕೂದಲೆಳೆಯಷ್ಟು ಸರಿಸಿದರು. ಒಣ ಸದ್ದು ಇದ್ದಕ್ಕಿದ್ದಂತೆ ಝೇಂಕಾರವಾಯಿತು. ಹುಡುಗಿ ಷಡ್ಜ ಹಿಡಿದಳು. “ಶ್ರುತಿಗೆ ಸೇರ್ತಿಲ್ಲಮ್ಮ, ಕೇಳಿಸ್ಕೋ” ಅಂದರು ಮೇಷ್ಟ್ರು. ಅಲ್ಲೇ ಸಿಕ್ಕಿತು. ಬಸ್ ಟಿಕೆಟ್ ಹಿಂದೆ ಬರೆದುಕೊಂಡೆ:

‘ಅಬ್ಸರ್ಡ್: ಶ್ರುತಿಗೆ ಸೇರದ ಮಾತು.’

ಮೂಲೆಯಲ್ಲಿ ಪೆನ್ಸಿಲಿನಿಂದ ‘ಸ್ವರ?’ ಅಂತಲೂ ಬರೆದಿದ್ದೇನೆ. ‘ಅಬ್ಸರ್ಡ್’ನ ಬೇರೂ ಸಂಸ್ಕೃತದ ‘ಸ್ವರ’ದ ಬೇರೂ ಒಂದೇ ಅನ್ನುವ ಭಾಷಾವಿಜ್ಞಾನಿಗಳಿದ್ದಾರೆ. ಎಲ್ಲರೂ ಒಪ್ಪಿಲ್ಲ. ಹಾಗಾಗಿ ಶಾಯಿ ಹಾಕಿಲ್ಲ.

ಮುಂದಿನ ಚೀಟಿಗಳ ಕಟ್ಟು ಈಗಲೇ ತಲೆಯಲ್ಲಿ ಕುಣಿಯುತ್ತಿದೆ: ಊರ ಹೆಸರಿಂದ ಹುಟ್ಟಿದ ಪದಗಳು. ಮೊದಲು ‘ಬಂಕಮ್’. 1820ರಲ್ಲಿ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮಿಸೌರಿಯನ್ನು ರಾಜ್ಯವಾಗಿ ಸೇರಿಸಿಕೊಳ್ಳುವ ಚರ್ಚೆ ನಡೆದಾಗ ಉತ್ತರ ಕ್ಯಾರೊಲಿನಾದ ಸದಸ್ಯ ಫೆಲಿಕ್ಸ್ ವಾಕರ್ ಮಾತಿಗೆ ಎದ್ದ. ಉಳಿದವರು ಸಾಕು ಅಂದರೂ ಕೂರಲಿಲ್ಲ, ಬಂಕಮ್ ಜಿಲ್ಲೆಗಾಗಿ ಮಾತಾಡಲೇಬೇಕು ಅಂದ. ಆ ಜಿಲ್ಲೆಯ ಹೆಸರೇ ಪೊಳ್ಳು ಮಾತಿನ ಹೆಸರಾಯಿತು. ಇದರ ಹಿಂಬದಿಗೆ ‘ಬೊಗಳೆ’ ಸಾಕಾ, ‘ಬುರುಡೆ’ ಬೇಕಾ? ನಿಮಗೆ ಏನನಿಸುತ್ತದೆ ತಿಳಿಸಿ. ಒರಟು ಕಾಗದ ಸಿಗುವ ಅಂಗಡಿ ಗೊತ್ತಿದ್ದರೆ ಅದನ್ನೂ ಹೇಳಿ, ಶನಿವಾರ ಕತ್ತರಿಸಲು ಕೂರಬೇಕು.