ಸೀಮೆಬದನೆಯ ಸೀಮೆಯಲ್ಲಿ ನಿವೃತ್ತಿ ಜೀವನ

ನಾವು ಈಗ ನೆಲೆಸಿರುವ ಮೆಕ್ಸಿಕೊದ ಅಹಿಹಿಕ್ ಎಂಬ ಊರಿನಲ್ಲಿ ಪ್ರತಿ ಬುಧವಾರ ಸಂತೆ ಸೇರುತ್ತದೆ. ನಾವು ಇಲ್ಲಿಗೆ ಬಂದ ಮೊದಲ ವಾರವೇ ನನ್ನ ಪತ್ನಿ ಒಂದು ಟಾರ್ಪಾಲಿನ ಕೆಳಗೆ ನಿಂತವಳು ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಎದುರಿಗೆ ಸೀಮೆಬದನೆಕಾಯಿಯ ರಾಶಿಯಿತ್ತು. ಕೆಲವು ನುಣುಪಾಗಿದ್ದವು, ಕೆಲವಕ್ಕೆ ಮೈತುಂಬ ಮುಳ್ಳಿತ್ತು. ಮಾರುವ ಅಜ್ಜಿ ಅದನ್ನು ಚಯೋತೆ ಎಂದು ಕರೆದರು. ಅದು ಈ ನಾಡಿನ ಹಳೆಯ ನಹುವಾಟ್ಲ್ ಭಾಷೆಯಿಂದ ಬಂದ ಹೆಸರು. ಮದ್ದೂರಿನ ನಮ್ಮ ಹಿತ್ತಲಿನ ಚಪ್ಪರದ ಮೇಲೆ ವರ್ಷವಿಡೀ ಹಬ್ಬಿಕೊಂಡಿರುತ್ತಿದ್ದ ಈ ಕಾಯಿಯ ಹೆಸರಿನಲ್ಲೇ ‘ಸೀಮೆ’ ಎಂಬ ಮಾತಿದ್ದರೂ ಅದು ಯಾವ ಸೀಮೆ ಎಂದು ನಾವು ಎಂದೂ ವಿಚಾರಿಸಿರಲಿಲ್ಲ. ಅದರ ತವರು ಇದೇ ಮೆಕ್ಸಿಕೊ ಸೀಮೆ.

ಹಾಲಿಸ್ಕೊ ರಾಜ್ಯದ ಚಪಾಲ ಸರೋವರದ ಉತ್ತರ ದಡದಲ್ಲಿ, ಗ್ವಾದಲಹಾರ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ನಾವು 2022ರ ಅಕ್ಟೋಬರಿನಿಂದ ವಾಸವಾಗಿದ್ದೇವೆ. ‘ಕಡಿಮೆ ಖರ್ಚಿನಲ್ಲಿ ಅಲ್ಲಿ ಬದುಕಬಹುದಂತೆ, ತಿಂಗಳಿಗೆ ಎಷ್ಟು ಬೇಕಾಗುತ್ತದೆ?’ ಎಂದು ಅಮೆರಿಕದಲ್ಲಿರುವ ಕನ್ನಡದ ಗೆಳೆಯರು, ಅದರಲ್ಲೂ ಅರವತ್ತರ ಆಸುಪಾಸಿನವರು, ಮೇಲಿಂದ ಮೇಲೆ ಕೇಳುತ್ತಾರೆ. ಒಂದೇ ಅಂಕಿಯಲ್ಲಿ ಉತ್ತರ ಹೇಳಿದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ ಎಂಬ ಕಾರಣಕ್ಕೆ ವಿವರವಾಗಿಯೇ ಬರೆಯುತ್ತಿದ್ದೇನೆ.

ಚಪಾಲ ಮೆಕ್ಸಿಕೊದ ಅತಿ ದೊಡ್ಡ ಸಿಹಿನೀರಿನ ಸರೋವರ. ಅದರ ವಿಸ್ತಾರ ಸುಮಾರು 1,100 ಚದರ ಕಿಲೋಮೀಟರ್ ಆದರೂ ಆಳ ಬಹಳ ಕಡಿಮೆ. ದಡದ ಊರುಗಳು ಸಮುದ್ರ ಮಟ್ಟದಿಂದ 1,500 ಮೀಟರಿಗಿಂತ ಎತ್ತರದಲ್ಲಿ, ಅಂದರೆ ನಮ್ಮ ಮಡಿಕೇರಿಗಿಂತಲೂ ಮೇಲೆ ಇವೆ. ಉಷ್ಣವಲಯದ ಬಿಸಿಲು ಮತ್ತು ಈ ಎತ್ತರ ಎರಡೂ ಸೇರಿದ್ದರಿಂದ ಇಲ್ಲಿನ ಹವೆ ಹಿತವಾಗಿದೆ. ಮೇ ತಿಂಗಳಲ್ಲಿ ಧಗೆ ಇರುತ್ತದೆ, ಜೂನ್‌ನಿಂದ ಅಕ್ಟೋಬರಿನವರೆಗೆ ಮಳೆ ಹೆಚ್ಚಾಗಿ ರಾತ್ರಿಯ ಹೊತ್ತು ಸುರಿಯುತ್ತದೆ, ಜನವರಿಯ ಬೆಳಗಿನ ಜಾವಕ್ಕೆ ಒಂದು ಉಣ್ಣೆಯ ಶಾಲು ಬೇಕಾಗುತ್ತದೆ. ಅಮೆರಿಕ ಮತ್ತು ಕೆನಡಾದ ನಿವೃತ್ತರು ಇಲ್ಲಿ ನೆಲೆಸಲು ತೊಡಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಅವರ ಲೇಕ್ ಚಪಾಲ ಸೊಸೈಟಿ ಆರಂಭವಾದದ್ದು 1955ರಲ್ಲಿ. ಪುಸ್ತಕ ಎರವಲು ಪಡೆಯುವುದರಿಂದ ಹಿಡಿದು ಸ್ಪ್ಯಾನಿಷ್ ಕಲಿಯುವವರೆಗೆ ಹೊಸಬರಿಗೆ ಬೇಕಾದದ್ದೆಲ್ಲ ಅದರ ತೋಟದಂಥ ಅಂಗಳದಲ್ಲಿ ಸಿಗುತ್ತದೆ.

ನಿವೃತ್ತಿಯಾದ ಮೇಲೆ ಊರಿಗೇ ಹೋಗಬಹುದಿತ್ತಲ್ಲ ಎಂದು ಮದ್ದೂರಿನ ನನ್ನ ಅಕ್ಕ ಈಗಲೂ ಕೇಳುತ್ತಾಳೆ. ಹೋಗಬಹುದಿತ್ತು. ಆದರೆ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಹ್ಯೂಸ್ಟನ್‌ನಲ್ಲಿದ್ದಾರೆ, ಮತ್ತು ಗ್ವಾದಲಹಾರದಿಂದ ಅಲ್ಲಿಗೆ ಎರಡೂವರೆ ಗಂಟೆಯ ವಿಮಾನವಷ್ಟೆ. ಹ್ಯೂಸ್ಟನ್‌ನಲ್ಲೇ ಉಳಿಯೋಣವೆಂದರೆ ಮನೆಯ ಆಸ್ತಿ ತೆರಿಗೆ, ಮನೆಯ ವಿಮೆ, ಎರಡು ಕಾರು, ಬೇಸಿಗೆಯ ವಿದ್ಯುತ್ ಬಿಲ್ಲು ಇವು ನಮ್ಮಿಬ್ಬರ ಸೋಷಿಯಲ್ ಸೆಕ್ಯುರಿಟಿ, ಅಂದರೆ ಅಮೆರಿಕ ಸರ್ಕಾರದ ಪಿಂಚಣಿ, ಹಣದ ದೊಡ್ಡ ಪಾಲನ್ನು ನುಂಗುತ್ತಿದ್ದವು. ಅಕ್ಕನೊಡನೆ ಮಾತಾಡಲು ಇಲ್ಲಿ ಒಂದು ಅನುಕೂಲವೂ ಇದೆ. ಮೆಕ್ಸಿಕೊ 2022ರಲ್ಲಿ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಪದ್ಧತಿಯನ್ನು ಬಹುತೇಕ ಕಡೆ ಕೈಬಿಟ್ಟಿದ್ದರಿಂದ ಇಲ್ಲಿ ಸಂಜೆ ಏಳಾದಾಗ ಮದ್ದೂರಿನಲ್ಲಿ ವರ್ಷವಿಡೀ ಬೆಳಗಿನ ಆರೂವರೆಯೇ. ಅವಳು ಕಾಫಿ ಸೋಸುವ ಹೊತ್ತಿಗೆ ಸರಿಯಾಗಿ ನಾನು ಫೋನು ಮಾಡುತ್ತೇನೆ.

ಖರ್ಚಿನ ಮಾತಿಗೆ ಬಂದರೆ, ತರಕಾರಿ ಅಗ್ಗ ಎಂದು ಎಲ್ಲರೂ ಹೇಳುತ್ತಾರಾದರೂ ಉಳಿತಾಯ ಇರುವುದು ಅಲ್ಲಲ್ಲ. ನಮ್ಮ ಮನೆಯಲ್ಲಿ ಎ.ಸಿ. ಇಲ್ಲ, ಹೀಟರ್ ಇಲ್ಲ, ಬಾಗಿಲಲ್ಲಿ ಕಾರಿಲ್ಲ. ವಿದ್ಯುತ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ಅದು 400 ಪೆಸೊ (ಮೆಕ್ಸಿಕೊದ ಹಣ) ದಾಟಿದ್ದು ಅಪರೂಪ. ಆದರೆ ಬಳಕೆ ಒಂದು ಮಿತಿ ಮೀರಿದರೆ ಸರ್ಕಾರದ ಸಬ್ಸಿಡಿ ತಪ್ಪಿ ದುಬಾರಿ ದರ ಬೀಳುತ್ತದೆ; ಅಮೆರಿಕದ ಮನೆಯಂತೆಯೇ ಇಲ್ಲಿಯೂ ದೊಡ್ಡ ಫ್ರಿಜ್ಜು, ಡ್ರೈಯರ್, ಈಜುಕೊಳದ ಪಂಪು ಎಲ್ಲವನ್ನೂ ನಡೆಸುವವರಿಗೆ ಇದು ತಡವಾಗಿ ತಿಳಿಯುತ್ತದೆ. ಕುಡಿಯುವ ನೀರು 20 ಲೀಟರಿನ ಕ್ಯಾನಿನಲ್ಲಿ ಮನೆಬಾಗಿಲಿಗೆ ಬರುತ್ತದೆ, ಅಡುಗೆಯ ಗ್ಯಾಸನ್ನು ಮಾಳಿಗೆಯ ಮೇಲಿನ ಟ್ಯಾಂಕಿಗೆ ತುಂಬಿ ಹೋಗುತ್ತಾರೆ. ಓಡಾಟಕ್ಕೆ ದಡದುದ್ದಕ್ಕೂ ಬಸ್ಸುಗಳಿವೆ. ತೊಗರಿಬೇಳೆ, ರಸಂ ಪುಡಿ, ಇಂಗು ಇವನ್ನು ಹ್ಯೂಸ್ಟನ್‌ನಿಂದ ಬರುವಾಗ ತರುತ್ತೇವೆ. ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿಗಳಿಗೆ ಇಲ್ಲಿ ಬರವಿಲ್ಲ.

ಬಾಡಿಗೆಯೇ ದೊಡ್ಡ ಬಾಬತ್ತು, ಮತ್ತು ನನಗೆ ಪಾಠ ಕಲಿಸಿದ್ದೂ ಅದೇ. ವಿದೇಶಿಯರಿಗೆ ಅನೇಕರು ಡಾಲರಿನಲ್ಲಿ ಬಾಡಿಗೆ ಹೇಳುತ್ತಾರೆ. ನಮ್ಮ ಕರಾರು ಪೆಸೊದಲ್ಲಿ ಆಯಿತು, ತಿಂಗಳಿಗೆ 20,000. ನಾವು ಬಂದಾಗ ಡಾಲರಿಗೆ ಸುಮಾರು 20 ಪೆಸೊ ಇತ್ತು, ಅಂದರೆ ಬಾಡಿಗೆ ಸರಿಯಾಗಿ ಸಾವಿರ ಡಾಲರು. 2023ರ ಜುಲೈ ಹೊತ್ತಿಗೆ ಡಾಲರಿಗೆ 17 ಪೆಸೊ ಕೂಡ ಸಿಗದಂತಾಯಿತು. ಮನೆಯೊಡೆಯರು ಒಂದು ಪೆಸೊವನ್ನೂ ಹೆಚ್ಚಿಸದಿದ್ದರೂ ನಮ್ಮ ಬಾಡಿಗೆ 1,180 ಡಾಲರಿಗೆ ಏರಿತ್ತು. 2024ರಲ್ಲಿ ಸೋಷಿಯಲ್ ಸೆಕ್ಯುರಿಟಿಯಲ್ಲಿ ಹೆಚ್ಚಿದ್ದು ಶೇಕಡ 3.2 ಮಾತ್ರ. ಅದೇ ವರ್ಷದ ಕೊನೆಗೆ ಡಾಲರು ಮತ್ತೆ 20 ದಾಟಿತು, ನಿಜ. ಆದರೆ ನಡುವಿನ ಹದಿನೆಂಟು ತಿಂಗಳನ್ನು ಕಳೆಯಲು ಕೈಯಲ್ಲಿ ಗಂಟು ಇರಬೇಕಾಯಿತು. ಇಲ್ಲಿನ ಬದುಕಿಗೆ ಇಷ್ಟು ಡಾಲರು ಸಾಕು ಎಂದು ಯಾರಾದರೂ ಹೇಳಿದರೆ, ಯಾವ ವರ್ಷದ, ಯಾವ ದರದ ಲೆಕ್ಕ ಅದು ಎಂದು ಮೊದಲು ಕೇಳಿ.

ವೀಸಾದ ಲೆಕ್ಕವೂ ಹೀಗೆಯೇ ಜರುಗುತ್ತಿರುತ್ತದೆ. ಪ್ರವಾಸಿಗರಾಗಿ ಬಂದರೆ ಗರಿಷ್ಠ 180 ದಿನ ಇರಬಹುದು, ಎಷ್ಟು ದಿನ ಎಂಬುದು ಗಡಿಯ ಅಧಿಕಾರಿಯ ತೀರ್ಮಾನ. ನೆಲೆಸಬೇಕಾದರೆ ಮೆಕ್ಸಿಕೊದ ಹೊರಗಿರುವ ಕಾನ್ಸುಲೇಟಿನಲ್ಲಿ ತಾತ್ಕಾಲಿಕ ನಿವಾಸಿ ವೀಸಾ ಪಡೆದು, ದೇಶದೊಳಗೆ ಬಂದ 30 ದಿನಗಳಲ್ಲಿ ವಲಸೆ ಕಚೇರಿಯಲ್ಲಿ ಅದನ್ನು ಕಾರ್ಡಾಗಿ ಬದಲಾಯಿಸಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕಬೇಕು. ಮೊದಲ ಕಾರ್ಡು ಒಂದು ವರ್ಷದ್ದು. ನಾಲ್ಕು ವರ್ಷ ತುಂಬಿದ ಮೇಲೆ ಕಾಯಂ ನಿವಾಸಿಯಾಗಬಹುದು. ತಿಂಗಳ ಆದಾಯ ಇಷ್ಟಿರಬೇಕು ಎಂಬ ಷರತ್ತನ್ನು ಬಹುಕಾಲ ಮೆಕ್ಸಿಕೊದ ಕನಿಷ್ಠ ದಿನಗೂಲಿಗೆ ಗಂಟು ಹಾಕಿದ್ದರು. ಆ ಕೂಲಿ 2018ರಲ್ಲಿ 88 ಪೆಸೊ ಚಿಲ್ಲರೆ ಇದ್ದದ್ದು 2025ರಲ್ಲಿ 278.80 ಪೆಸೊ ಆಯಿತು. ಇಲ್ಲಿನ ದುಡಿಯುವವರಿಗೆ ಇದು ಬರಲೇಬೇಕಾಗಿದ್ದ ನ್ಯಾಯ, ನನಗೆ ಅದರಲ್ಲಿ ಸಂತೋಷವೇ ಇದೆ. ಆದರೆ ಹತ್ತು ವರ್ಷದ ಹಿಂದೆ ಸಾಧಾರಣ ಪಿಂಚಣಿಯವರಿಗೂ ತೆರೆದಿದ್ದ ಬಾಗಿಲು ಈಗ ಅವರಲ್ಲಿ ಅನೇಕರಿಗೆ ಎತ್ತರವಾಗಿದೆ ಎಂಬುದನ್ನು ತಿಳಿದು ಹೊರಡಬೇಕು.

ಮನೆ ಕೊಳ್ಳುವ ವಿಚಾರವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಕಡಲತೀರದಿಂದ 50 ಕಿಲೋಮೀಟರ್, ದೇಶದ ಗಡಿಯಿಂದ 100 ಕಿಲೋಮೀಟರ್ ಒಳಗೆ ವಿದೇಶಿಯರು ನೇರವಾಗಿ ಜಮೀನು ಹೊಂದುವಂತಿಲ್ಲ, ಬ್ಯಾಂಕಿನ ಟ್ರಸ್ಟಿನ ಮೂಲಕವೇ ಹೊಂದಬೇಕು. ಚಪಾಲ ಆ ವಲಯದ ಹೊರಗಿರುವುದರಿಂದ ಇಲ್ಲಿ ನೇರ ಕ್ರಯಪತ್ರವೇ ಆಗುತ್ತದೆ. ಗ್ರಾಮಸಮುದಾಯಕ್ಕೆ ಸೇರಿದ ಎಹಿದೊ ಜಮೀನನ್ನು ಅಗ್ಗವೆಂದು ಕೊಂಡವರು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳಬಹುದು. ನಾವು ಬಾಡಿಗೆ ಮನೆಯಲ್ಲೇ ಇರಲು ನಿರ್ಧರಿಸಿದೆವು.

ನಮ್ಮ ಲೆಕ್ಕ ತಪ್ಪಿದ್ದು ಆರೋಗ್ಯದ ವಿಚಾರದಲ್ಲಿ. ಅಮೆರಿಕ ಸರ್ಕಾರ ಹಿರಿಯರಿಗಾಗಿ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ಕೆಲವೇ ಅಪವಾದಗಳನ್ನು ಬಿಟ್ಟರೆ ದೇಶದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಇದು ನಮಗೆ ಗೊತ್ತಿತ್ತು. ಸಣ್ಣಪುಟ್ಟ ಜ್ವರ, ಕೆಮ್ಮಿಗೆ ಔಷಧದಂಗಡಿಯ ಪಕ್ಕದಲ್ಲೇ ಕುಳಿತಿರುವ ಡಾಕ್ಟರು ಬಹಳ ಕಡಿಮೆ ಶುಲ್ಕಕ್ಕೆ ಚೆನ್ನಾಗಿ ನೋಡುತ್ತಾರೆ. ಅದನ್ನು ಕಂಡು ಮಿಕ್ಕದ್ದೂ ಹೀಗೆಯೇ ಇರಬಹುದೆಂದು ನಂಬಿಕೊಂಡು ಬೇರೆ ವಿಮೆ ಮಾಡಿಸಿರಲಿಲ್ಲ. 2024ರ ಜನವರಿಯ ಒಂದು ಸಂಜೆ ಸರೋವರದ ದಡದಿಂದ ಮನೆಗೆ ಮರಳುವಾಗ ನನ್ನ ಪತ್ನಿ ಬಿದ್ದಳು. ಇಲ್ಲಿನ ಹಳೆಯ ಬೀದಿಗಳಿಗೆ ಡಾಂಬರಿಲ್ಲ. ಮುಷ್ಟಿಗಾತ್ರದ, ತಲೆಗಾತ್ರದ ಗುಂಡುಕಲ್ಲುಗಳನ್ನು ಮಣ್ಣಿನಲ್ಲಿ ಹುಗಿದು ಹಾಸಿರುತ್ತಾರೆ. ನೋಡಲು ಚಂದ, ಕಾಲಿಗೆ ಕಷ್ಟ. ಎರಡು ಕಲ್ಲಿನ ಸಂದಿಯಲ್ಲಿ ಚಪ್ಪಲಿ ಸಿಕ್ಕಿ, ಬಲಗೈ ಊರಿ ಬಿದ್ದದ್ದರಿಂದ ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿಯಿತು.

ಊರಿನ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು ಗ್ವಾದಲಹಾರದ ಖಾಸಗಿ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅಲ್ಲಿ ದಾಖಲಾಗುವ ಮುನ್ನ 40,000 ಪೆಸೊ ಠೇವಣಿ ಕಟ್ಟಬೇಕಿತ್ತು. ರಾತ್ರಿ ಒಂಬತ್ತು ಗಂಟೆಗೆ ನಾನು ಕಾರ್ಡು ಕೊಟ್ಟರೆ ಅಮೆರಿಕದ ನಮ್ಮ ಬ್ಯಾಂಕು ಸಂಶಯದ ವ್ಯವಹಾರವೆಂದು ಅದನ್ನು ತಡೆಯಿತು. ಪಕ್ಕದ ಕುರ್ಚಿಯಲ್ಲಿ ಅವಳು ಕೈಗೆ ಟವೆಲು ಸುತ್ತಿಕೊಂಡು, ತುಟಿ ಕಚ್ಚಿಕೊಂಡು ಕುಳಿತಿದ್ದಳು. ನಾನು ಕೌಂಟರಿನ ಮುಂದೆ ನಿಂತು, ಫೋನಿನಲ್ಲಿ ತಾಯಿಯ ಮದುವೆಗೆ ಮುಂಚಿನ ಹೆಸರೇನು ಎಂಬ ಬ್ಯಾಂಕಿನವರ ಪ್ರಶ್ನೆಗೆ ಉತ್ತರಿಸುತ್ತಿದ್ದೆ. ಹಣ ದಾಟಲು ಮುಕ್ಕಾಲು ಗಂಟೆ ಹಿಡಿಯಿತು. ಮರುದಿನ ಬೆಳಿಗ್ಗೆ ಲೋಹದ ಪಟ್ಟಿ ಹಾಕಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರರು ನುರಿತವರು, ಕೈ ಈಗ ಪೂರ್ತಿ ಸರಿಯಾಗಿದೆ. ಒಟ್ಟು ಖರ್ಚು 95,000 ಪೆಸೊ, ಆಗಿನ ದರದಲ್ಲಿ 5,500 ಡಾಲರಿಗಿಂತ ಹೆಚ್ಚು. ಅಮೆರಿಕದಲ್ಲಿ ವಿಮೆಯಿಲ್ಲದೆ ಆಗುವುದಕ್ಕಿಂತ ಇದು ಬಹಳ ಕಡಿಮೆ. ಆದರೆ ಮೆಡಿಕೇರ್ ಇದ್ದವರು ಅಲ್ಲಿ ಕೈಯಿಂದ ಕಟ್ಟುವುದಕ್ಕಿಂತ ಹೆಚ್ಚು. ಹೋಲಿಸುವಾಗ ಈ ಎರಡನೆಯ ಹೋಲಿಕೆಯನ್ನೇ ಮಾಡಬೇಕು.

ಅದಾದ ಮೇಲೆ ಮೂರು ಕೆಲಸ ಮಾಡಿದೆವು. ನಿವಾಸಿ ಕಾರ್ಡು ಇರುವವರು ವರ್ಷದ ಶುಲ್ಕ ಕಟ್ಟಿ ಸೇರಬಹುದಾದ ಸರ್ಕಾರಿ ಆರೋಗ್ಯ ವಿಮೆಗೆ ಹೆಸರು ನೋಂದಾಯಿಸಿದೆವು. ಮೊದಲೇ ಇರುವ ಕೆಲವು ಕಾಯಿಲೆಯವರನ್ನು ಅದು ತೆಗೆದುಕೊಳ್ಳುವುದಿಲ್ಲ, ಕೆಲವು ಚಿಕಿತ್ಸೆಗಳಿಗೆ ತಿಂಗಳುಗಟ್ಟಲೆ ಕಾಯುವ ಅವಧಿ ಇದೆ, ಮತ್ತು ಅಲ್ಲಿ ವ್ಯವಹಾರವೆಲ್ಲ ಸ್ಪ್ಯಾನಿಷ್‌ನಲ್ಲಿ. ಗ್ವಾದಲಹಾರದ ಆಸ್ಪತ್ರೆಗಾಗಿಯೇ 15,000 ಡಾಲರು ಬೇರೆಯಾಗಿ ತೆಗೆದಿಟ್ಟೆವು, ಎರಡು ಬೇರೆ ಬ್ಯಾಂಕುಗಳಲ್ಲಿ. ಮೆಡಿಕೇರಿನ ‘ಬಿ’ ಭಾಗವನ್ನು, ಅಂದರೆ ಡಾಕ್ಟರರ ಶುಲ್ಕ ಮತ್ತು ಹೊರರೋಗಿ ಚಿಕಿತ್ಸೆಯ ವಿಮೆಯನ್ನು, ಬಿಡುವ ಯೋಚನೆಯನ್ನು ಕೈಬಿಟ್ಟೆವು. ಅದರ ಕಂತು 2025ರಲ್ಲಿ ಒಬ್ಬರಿಗೆ ತಿಂಗಳಿಗೆ 185 ಡಾಲರು. ಬಳಸದ ವಿಮೆಗೆ ಇಷ್ಟು ಕಟ್ಟುವುದೇಕೆ ಎಂದು ಇಲ್ಲಿ ಹಲವರು ನಿಲ್ಲಿಸಿಬಿಡುತ್ತಾರೆ. ಮುಂದೆ ಎಂಬತ್ತರ ಹೊತ್ತಿಗೆ ಮಗಳ ಬಳಿ ಹೋಗಬೇಕಾಗಿ ಬಂದರೆ, ಬಿಟ್ಟ ಪ್ರತಿ ಹನ್ನೆರಡು ತಿಂಗಳಿಗೆ ಶೇಕಡ 10ರಂತೆ ಹೆಚ್ಚುವರಿ ದಂಡವನ್ನು ಜೀವನಪೂರ್ತಿ ತೆರಬೇಕಾಗುತ್ತದೆ. ಆ ದಿನ ಬಂದೇ ಬರುತ್ತದೆಂದು ನಾವು ಎಣಿಸಿದ್ದೇವೆ.

ಪತ್ನಿಯ ಕೈಗೆ ಪಟ್ಟಿ ಕಟ್ಟಿದ್ದ ಆ ಆರು ವಾರಗಳಲ್ಲಿ ಮನೆಯನ್ನು ನಡೆಸಿದವರು ವಾರಕ್ಕೆ ಎರಡು ದಿನ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಅವರು ತಾವಾಗಿಯೇ ದಿನವೂ ಬರತೊಡಗಿದರು. ಸೀಮೆಬದನೆಯನ್ನು ಅವರು ಬೇಯಿಸಿ ಉಪ್ಪು, ಬೆಣ್ಣೆ ಹಚ್ಚಿ ತಿನ್ನುವವರು. ಪತ್ನಿ ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟಂತೆ ಸಾಸಿವೆ ಸಿಡಿಸಿ, ಕಾಯಿತುರಿ ಹಾಕಿ ಪಲ್ಯ ಮಾಡಿದರು. ಒಗ್ಗರಣೆಗೆ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದದ್ದು ಮೊದಲ ದಿನ ಮಾತ್ರ.

ಇಲ್ಲಿನ ಕಾನೂನಿನ ಪ್ರಕಾರ ಮನೆಕೆಲಸದವರಿಗೂ ಡಿಸೆಂಬರ್ 20ರೊಳಗೆ ಕನಿಷ್ಠ 15 ದಿನದ ಸಂಬಳವನ್ನು ಅಗಿನಾಲ್ದೊ ಎಂಬ ಹೆಸರಿನಲ್ಲಿ ಕೊಡಬೇಕು. 2023ರಿಂದ, ಒಂದು ವರ್ಷ ದುಡಿದವರಿಗೆ 12 ದಿನ ಸಂಬಳಸಹಿತ ರಜೆ ಸಲ್ಲಬೇಕು. ಹೊಸದಾಗಿ ಬಂದ ವಿದೇಶಿಯರಲ್ಲಿ ಕೆಲವರು ಇದನ್ನು ಬಕ್ಷೀಸು ಎಂದುಕೊಂಡಿದ್ದಾರೆ. ಅದು ತಪ್ಪು. ನಮ್ಮ ನಿವೃತ್ತಿ ಅಗ್ಗವಾಗಿರುವುದಕ್ಕೆ ಹವೆಯ ಜೊತೆಗೆ ಈ ಜನರ ಕಡಿಮೆ ಸಂಬಳವೂ ಕಾರಣ ಎಂಬುದನ್ನು ಮರೆತು ಅದರಲ್ಲೂ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಬಹಳ ನೋವಾಗುತ್ತದೆ. ಅಹಿಹಿಕ್‌ಗೆ 2020ರಲ್ಲಿ ಸರ್ಕಾರ ‘ಪುಯೆಬ್ಲೊ ಮಾಹಿಕೊ’, ಅಂದರೆ ಮಾಯೆಯ ಊರು, ಎಂಬ ಬಿರುದು ಕೊಟ್ಟಿತು. ವಾರಾಂತ್ಯಕ್ಕೆ ಗ್ವಾದಲಹಾರದಿಂದ ಬರುವವರು ಹೆಚ್ಚಿದರು, ನಮ್ಮಂಥವರು ಇದ್ದೇ ಇದ್ದೇವೆ. ನಮ್ಮ ಬೀದಿಯಲ್ಲಿ ಇದ್ದ ನಾಲ್ಕು ಬಾಡಿಗೆ ಕುಟುಂಬಗಳಲ್ಲಿ ಮೂರು ಈಗ ಇಲ್ಲ. ಆ ಮನೆಗಳಿಗೆ ಬಣ್ಣ ಬಳಿದು ವಾರದ ಬಾಡಿಗೆಗೆ ಕೊಡುತ್ತಿದ್ದಾರೆ.

ಹಾಗೆ ಊರು ಬಿಟ್ಟವರಲ್ಲಿ ನಮ್ಮ ಮನೆಕೆಲಸಕ್ಕೆ ಬರುವ ಆ ಹೆಂಗಸೂ ಒಬ್ಬರು. ಎರಡು ಬೀದಿ ಆಚೆ ಇದ್ದವರು ಕಳೆದ ವರ್ಷ ಸರೋವರದ ಪಶ್ಚಿಮ ತುದಿಯ ಹೊಕೊತೆಪೆಕ್‌ಗೆ ಮನೆ ಬದಲಾಯಿಸಿದರು. ಈಗ ಬಸ್ಸಿನಲ್ಲಿ ಬರುತ್ತಾರೆ. ಕೆಲಸದ ಸಮಯ, ಬಸ್ಸಿನ ಖರ್ಚು, ರಜೆ, ಅಗಿನಾಲ್ದೊ ಎಲ್ಲವನ್ನೂ ಒಂದು ಹಾಳೆಯಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು. ನನ್ನ ಕ್ರಿಯಾಪದಗಳ ತಪ್ಪನ್ನು ಅವರ ಮಗಳು, ಹೈಸ್ಕೂಲಿನ ಹುಡುಗಿ, ಕೆಂಪು ಪೆನ್ನಿನಲ್ಲಿ ತಿದ್ದಿಕೊಟ್ಟಳು. ಮಂಗಳವಾರ ಮತ್ತು ಶುಕ್ರವಾರ ಎಂಟೂವರೆಗೆ ಬರುತ್ತಿದ್ದವರು ಈಗ ಹತ್ತಕ್ಕೆ ಬರುತ್ತಾರೆ, ನಾವು ಕಾಫಿಯನ್ನು ಆ ಹೊತ್ತಿಗೆ ಮಾಡುತ್ತೇವೆ.