ಕೋಬೇನ್ ಪುಸ್ತಕ ಹಿಡಿದು ಒಂದು ಸಂಜೆಯ ಜಗಳ

ನಾನಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಇಲ್ಲಿನ ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಒಂದಿಷ್ಟು ಜನ ಸೇರಿ ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಸಾಮಾನ್ಯವಾಗಿ ಎಲ್ಲರೂ 'ಚೆನ್ನಾಗಿತ್ತು' ಅಂದು, ಕಾಫಿ ಕುಡಿದು ಹೊರಡುತ್ತಾರೆ. ಆ ಸಲ ಮಾತ್ರ ಹಾಗಾಗಲಿಲ್ಲ. ಪುಸ್ತಕ ಚಾರ್ಲ್ಸ್ ಕ್ರಾಸ್ ಬರೆದ, ನಿರ್ವಾನಾ ಎಂಬ ರಾಕ್ ಬ್ಯಾಂಡ್‌ನ ಹಾಡುಗಾರ ಕರ್ಟ್ ಕೋಬೇನ್ ಜೀವನಚರಿತ್ರೆ, 'ಹೆವಿಯರ್ ದ್ಯಾನ್ ಹೆವನ್'.

ನಿರ್ವಾನಾ ಬ್ಯಾಂಡ್‌ನ ಹಾಡು ನಾನು ಮೊದಲು ಕೇಳಿದ್ದು ಹಾಸನದಲ್ಲಿ, ಹಾಸ್ಟೆಲ್ ಗೆಳತಿಯ ಕ್ಯಾಸೆಟ್‌ನಲ್ಲಿ. ಅಷ್ಟು ಹೊತ್ತಿಗೆ ಕೋಬೇನ್ ತೀರಿಕೊಂಡು ವರ್ಷಗಳೇ ಆಗಿದ್ದವು. ಹಾಡಿನಲ್ಲಿ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಇಲ್ಲಿಯವರಿಗೂ ಅಷ್ಟಕ್ಕಷ್ಟೇ ಅಂತ ಆಮೇಲೆ ಗೊತ್ತಾಯಿತು ಅನ್ನಿ.

ಕ್ರಾಸ್ ಸಿಯಾಟಲ್‌ನವರೇ. 'ದಿ ರಾಕೆಟ್' ಎಂಬ ಸಂಗೀತ ಪತ್ರಿಕೆಯ ಸಂಪಾದಕರಾಗಿದ್ದವರು. ನಾನೂರಕ್ಕೂ ಹೆಚ್ಚು ಸಂದರ್ಶನ ಮಾಡಿ 2001ರಲ್ಲಿ ಈ ಪುಸ್ತಕ ತಂದರು. ಕೋಬೇನ್ ಹೆಂಡತಿ ಕರ್ಟ್ನಿ ಲವ್ ಅವನ ಡೈರಿಗಳನ್ನೂ ಇವರಿಗೆ ತೋರಿಸಿದ್ದರು. ಕೂಟದಲ್ಲಿ ಮೊದಲ ತಕರಾರು ಬಂದಿದ್ದು ಇಲ್ಲೇ. 'ಡೈರಿ ಕೊಟ್ಟವರನ್ನು ಬೈದು ಬರೆಯೋಕಾಗುತ್ತಾ?' ಅಂತ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ನನಗೆ ತುಂಬಾ ಹಿಡಿಸಿದ್ದು ಸೇತುವೆಯ ಭಾಗ. ಕೋಬೇನ್ ಹುಟ್ಟಿದ್ದು 1967ರಲ್ಲಿ, ಇಲ್ಲಿಂದ ನೈಋತ್ಯಕ್ಕಿರುವ ಅಬರ್ಡೀನ್‌ನಲ್ಲಿ. ಮರ ಕಡಿದು ಬದುಕುತ್ತಿದ್ದ, ಸದಾ ಮಳೆ ಸುರಿಯುವ ಊರು. ಮನೆ ಬಿಟ್ಟು ಅಲೆಯುತ್ತಿದ್ದ ದಿನಗಳಲ್ಲಿ ವಿಷ್ಕಾ ನದಿಯ ಸೇತುವೆ ಕೆಳಗೆ ಮಲಗುತ್ತಿದ್ದೆ ಅಂತ ಅವನು ಹೇಳಿಕೊಳ್ಳುತ್ತಿದ್ದ. 1991ರ 'ನೆವರ್‌ಮೈಂಡ್' ಆಲ್ಬಮ್‌ನಲ್ಲಿ ಸೇತುವೆ ಕೆಳಗಿನ ಬದುಕಿನ ಹಾಡೇ ಇದೆ. ಆದರೆ ಅಲ್ಲಿ ಉಬ್ಬರ ಇಳಿತದ ನೀರು, ಕೆಸರು. ಮಲಗೋದು ಸಾಧ್ಯವೇ ಇಲ್ಲ ಅನ್ನುತ್ತಾನೆ ಬ್ಯಾಂಡ್‌ನ ಜೊತೆಗಾರ ಕ್ರಿಸ್ಟ್ ನೊವೊಸೆಲಿಕ್. ಹಾಗಾದರೆ ಹುಡುಗ ಎಲ್ಲಿ ಮಲಗುತ್ತಿದ್ದ? ಗೆಳೆಯರ ಮನೆಗಳಲ್ಲಿ, ಅಪಾರ್ಟ್‌ಮೆಂಟಿನ ಓಣಿಗಳಲ್ಲಿ. ಕೆಲವು ರಾತ್ರಿ ತಾನು ಹುಟ್ಟಿದ ಆಸ್ಪತ್ರೆಯಲ್ಲೇ, ರೋಗಿಗಳ ಕಡೆಯವರು ಕಾಯುವ ಜಾಗದಲ್ಲಿ. ಸೇತುವೆ ಕತೆಗಿಂತ ಈ ನಿಜವೇ ನನ್ನನ್ನು ಜಾಸ್ತಿ ಕಲಕಿತು. ಇಷ್ಟು ಇದ್ದೂ ಅವನಿಗೆ ಸೇತುವೆ ಯಾಕೆ ಬೇಕಿತ್ತೋ!

ಜಗಳ ಶುರುವಾಗಿದ್ದು ಕೊನೆಯ ಭಾಗಕ್ಕೆ ಬಂದಾಗ. 1994ರ ಏಪ್ರಿಲ್ 5ರಂದು, 27ನೇ ವಯಸ್ಸಿನಲ್ಲಿ, ಕೋಬೇನ್ ತನ್ನ ಮನೆಯಲ್ಲಿ ಒಬ್ಬನೇ ಇದ್ದಾಗ ಆತ್ಮಹತ್ಯೆ ಮಾಡಿಕೊಂಡ. ಗೊತ್ತಾಗಿದ್ದು ಮೂರು ದಿನದ ಮೇಲೆ. ಕ್ರಾಸ್ ಆ ಕೊನೆಯ ಗಂಟೆಗಳನ್ನು ಪಕ್ಕದಲ್ಲೇ ನಿಂತು ನೋಡಿದವರಂತೆ ಬರೆದಿದ್ದಾರೆ. ಏನು ಮಾಡಿದ, ಏನು ಯೋಚಿಸಿದ, ಎಲ್ಲಾ.

'ಅಲ್ಲಿ ಯಾರಿದ್ದರು? ಇವರಿಗೆ ಹೇಗೆ ಗೊತ್ತು?' ಅಂತ ನಿವೃತ್ತ ನರ್ಸ್ ಒಬ್ಬರು ಸಿಟ್ಟಾದರು. ಅವರ ಇನ್ನೊಂದು ಬೇಸರ, ಕೋಬೇನ್‌ನನ್ನು ವರ್ಷಗಟ್ಟಲೆ ಕಾಡಿದ ಹೊಟ್ಟೆನೋವಿನ ಬಗ್ಗೆ ಜನ ಮಾತೇ ಆಡುವುದಿಲ್ಲ, ಬರೀ ಹೆರಾಯಿನ್ ಚಟ ಅಂತಾರೆ ಅನ್ನೋದು.

ಆ ಕಾಲದಲ್ಲಿ ಇಲ್ಲಿನ ಬಾರ್‌ಗಳಲ್ಲಿ ಗಿಟಾರ್ ನುಡಿಸುತ್ತಿದ್ದವರೊಬ್ಬರು ಕ್ರಾಸ್ ಪರ ನಿಂತರು. 'ಪೊಲೀಸ್ ದಾಖಲೆ ಇದೆ, ಅವನನ್ನು ಬಲ್ಲವರ ಮಾತಿದೆ. ಅದರಿಂದ ಕಟ್ಟಿದ್ದಾರೆ. ಆ ಜಾಗ ಖಾಲಿ ಬಿಟ್ಟರೆ ಅವನದು ಕೊಲೆ ಅನ್ನೋ ಕತೆಗಳು ಬಂದು ಕೂರುತ್ತವೆ' ಅಂದರು. ಆ ಕತೆಗಳು ಪುಸ್ತಕ ಬರುವ ಮೊದಲೂ ಇದ್ದವು, ಈಗಲೂ ಇವೆ ಅಂತ ನರ್ಸ್ ಬಿಡಲಿಲ್ಲ.

ನಾನು ನರ್ಸ್ ಕಡೆಗೇ ವಾಲಿದೆ. ಆಚೀಚೆ ಸಿಕ್ಕ ವಸ್ತುಗಳನ್ನು ಜೋಡಿಸಿ ಒಂದು ರಾತ್ರಿಯನ್ನು ಊಹಿಸಬಹುದು, ಅದು ತಪ್ಪಲ್ಲ. ಆದರೆ 'ಹೀಗಿರಬಹುದು' ಅಂತ ಬರೆಯಬೇಕು. ಕೋಬೇನ್‌ನ ಸೇತುವೆಯನ್ನು ಅಷ್ಟು ನಾಜೂಕಾಗಿ ಬಿಚ್ಚಿ ತೋರಿಸಿದವರು ಕೊನೆಗೆ ತಾವೇ ಒಂದು ಸೇತುವೆ ಕಟ್ಟಿಬಿಟ್ಟರು ಅಲ್ವಾ? ಕೇಳೋಣ ಅಂದರೆ ಕ್ರಾಸ್ ಕೂಡ 2024ರಲ್ಲಿ ತೀರಿಕೊಂಡರು.

ಮುಂದಿನ ತಿಂಗಳಿಗೆ ನಾನು ಮೈಕಲ್ ಅಝೆರಾಡ್ ಪುಸ್ತಕ ಸೂಚಿಸಿದೆ. ಕೋಬೇನ್ ಬದುಕಿದ್ದಾಗಲೇ ಅವನನ್ನು ಮಾತಾಡಿಸಿ 1993ರಲ್ಲಿ ಬರೆದದ್ದು. 2023ರಲ್ಲಿ ತಮ್ಮದೇ ಪುಸ್ತಕಕ್ಕೆ ಉದ್ದುದ್ದ ಟಿಪ್ಪಣಿ ಸೇರಿಸಿ ಮತ್ತೆ ತಂದಿದ್ದಾರೆ. ನರ್ಸ್ ತಕ್ಷಣ ಹೂಂ ಅಂದರು. ಗಿಟಾರಿನವರು ಮಾತ್ರ ಒಪ್ಪಲಿಲ್ಲ. ಸತ್ತವನ ಬಗ್ಗೆ ಇನ್ನೆಷ್ಟು ಓದೋದು, ಮುಂದಿನ ಸಲ ಸುಮ್ನೆ ಕೂತು ಆಲ್ಬಮ್ ಕೇಳೋಣ ಅನ್ನೋದು ಅವರ ವಾದ. ಕೈ ಎತ್ತಿಸಿದಾಗ ಗೆದ್ದಿದ್ದೂ ಅವರೇ.