ಗೋಲ್ ಶೀಟಿನಲ್ಲಿ ತುಳುವಿಗೆ ಜಾಗವಿಲ್ಲ

ಹುಡುಗನಿಗೆ ಮೂರೂವರೆ ವರ್ಷ, ಡೌನ್ ಸಿಂಡ್ರೋಮ್. ರೀಲ್ಸ್ ಎಂಬ ಭಾಷಾ ಪರೀಕ್ಷೆಯಲ್ಲಿ ಅರ್ಥಮಾಡಿಕೊಳ್ಳುವ ಭಾಷೆಯ ವಯಸ್ಸು (ಆರ್‌ಎಲ್‌ಎ) ಎರಡು ವರ್ಷದ ಮೇಲೆ, ಆಡುವ ಭಾಷೆಯ ವಯಸ್ಸು (ಇಎಲ್‌ಎ) ಒಂದರ ಆಚೀಚೆ. ಈ ಮಕ್ಕಳಲ್ಲಿ ಇದು ಮಾಮೂಲು: ಅರ್ಥವಾಗುವಷ್ಟು ಬಾಯಿಗೆ ಬರುವುದಿಲ್ಲ. ಸ್ನಾಯು ಸಡಿಲ, ಕೇಳಿದ್ದು ಬೇಗ ಜಾರುತ್ತದೆ, ಕಂಡದ್ದು ಉಳಿಯುತ್ತದೆ. ಅದಕ್ಕೇ ಕೈಸನ್ನೆ ಕಲಿಸುತ್ತಿದ್ದೆ.

ಮಂಗಳೂರಿನ ನಮ್ಮ ಮಾತಿನ ಚಿಕಿತ್ಸಾ ಕೇಂದ್ರದ ಹೊಸ ಆ್ಯಪ್‌ಗೆ ಕೈಸನ್ನೆ ಕಾಣುವುದಿಲ್ಲ. ಮಗುವಿನ ಗುರಿ ಬರೆಯುವ ಗೋಲ್ ಶೀಟಿನಲ್ಲಿ ಕಾಲಂ ಎರಡೇ: ಇಂಗ್ಲಿಷ್ ಪದ, ಕನ್ನಡ ಪದ. ಪ್ರಗತಿಯ ಗ್ರಾಫ್ ನೆಲ ಬಿಟ್ಟು ಎದ್ದಿರಲಿಲ್ಲ. ರಿವ್ಯೂ ದಿನ ಇನ್‌ಚಾರ್ಜ್ ಅದನ್ನೇ ತಂದೆಯ ಮುಂದೆ ತಿರುಗಿಸಿ ಹಿಡಿದರು. "ಮನೆಯಲ್ಲಿ ತುಳು ನಿಲ್ಲಿಸಿ, ಇಂಗ್ಲಿಷ್ ಮಾತ್ರ ಇರಲಿ. ಸನ್ನೆ ಅಭ್ಯಾಸವಾದರೆ ಬಾಯಿ ತೆರೆಯುವುದಿಲ್ಲ. ಪೀಪಿ ಊದಿಸಿ."

ಮೂರೂ ತಪ್ಪು. ಸನ್ನೆ ಮಾತನ್ನು ತಡೆಯುವುದಿಲ್ಲ. ಪೀಪಿ ಊದಿದರೆ ಮಾತು ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಎರಡು ಭಾಷೆಯ ವಿಷಯಕ್ಕೆ ಬಂದರೆ, ಕೆನಡಾದ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು 2005ರಲ್ಲೇ ಇಂಥ ಮಕ್ಕಳನ್ನು ಹೋಲಿಸಿ ನೋಡಿದ್ದಾರೆ. ಎರಡು ಭಾಷೆಯವರು ಒಂದೇ ಭಾಷೆಯವರಿಗಿಂತ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಇದನ್ನು ಹೇಳಲು ಬಾಯಿ ತೆರೆದೆ. "ಮೊದಲು ಮಗುವಿನಿಂದ ಒಂದು ಪದ ಹೇಳಿಸಿ" ಎಂದರು ಇನ್‌ಚಾರ್ಜ್.

ಚೆಂಡಿನ ಕಾರ್ಡ್ ಹಿಡಿದೆ. ಅವನು ಕಾರ್ಡ್ ನೋಡಲಿಲ್ಲ, ನನ್ನ ಬಳೆ ನೋಡಿದ. ಬೆಕ್ಕಿನ ಕಾರ್ಡ್. ಮೌನ. ಫ್ಯಾನ್ ಸದ್ದು ಮಾತ್ರ. ತಂದೆ ತಲೆಯಾಡಿಸತೊಡಗಿದ್ದರು, ಪೀಪಿಗೆ ಒಪ್ಪಿಗೆ ಕೊಡುವಂತೆ.

ಆಗ ಅಜ್ಜಿ ಬಾಗಿಲು ತಳ್ಳಿದರು. ಪ್ರತಿ ಸೆಷನ್‌ನಲ್ಲೂ ನಾನು ಅವರನ್ನು ಹೊರಗೆ ಕೂರಿಸುತ್ತಿದ್ದೆ. ಮಗು ಬಾಯಿ ತೆರೆಯುವ ಮೊದಲೇ ಉತ್ತರ ಅವರೇ ಕೊಡುತ್ತಾರೆ ಎಂಬ ನನ್ನ ಸಿಟ್ಟು. ಸುರತ್ಕಲ್ ಬಸ್ಸಿಗೆ ತಡವಾಗುತ್ತದೆಂದು ಅವರ ಗಡಿಬಿಡಿ: "ಬಸ್ ಪೋಪುಂಡು!" ಬಸ್ ಹೋಗುತ್ತದೆ ಎಂದು.

ಹುಡುಗ ಕುರ್ಚಿಯಿಂದ ಜಾರಿದ. ಎರಡೂ ಮುಷ್ಟಿ ಬಿಗಿದು ಸ್ಟೀರಿಂಗ್ ತಿರುಗಿಸಿದ, ನಾನೇ ಕಲಿಸಿದ ಸನ್ನೆ. ನಂತರ, ನಾಲಿಗೆ ಅರ್ಧ ಹೊರಗಿದ್ದಂತೆಯೇ, "ಬತ್... ಪೋಯಿ." ಬಸ್ ಹೋಯಿತು ಎಂದು. ನಾನು ಮತ್ತೆ ಕಾರ್ಡ್ ಚಾಚಿದೆ. "ಬೊಚ್ಚಿ" ಎಂದು ತಳ್ಳಿದ. ಬೊಡ್ಚಿ, ಅಂದರೆ ಬೇಡ, ಎಂದು ಅಷ್ಟು ಖಡಕ್ಕಾಗಿ ದೊಡ್ಡವರೂ ಹೇಳುವುದಿಲ್ಲ.

ಎರಡು ಪದದ ಜೋಡಣೆ! ಅಜ್ಜಿಗೆ ಆಶ್ಚರ್ಯವೇ ಇಲ್ಲ. ದಿನಾ ಸಂಜೆ ಹೇಳುತ್ತಾನಂತೆ. ಕೇಳಿದವರು ಯಾರು? ನನ್ನ ಬೇಸ್‌ಲೈನ್, ಅಂದರೆ ಶುರುವಿನ ಮಟ್ಟದ ದಾಖಲೆ, ತುಂಬಿದ್ದು ಕನ್ನಡದಲ್ಲಿ.

"ಅದು ಸ್ಪಷ್ಟವಾಗಿಲ್ಲವಲ್ಲ" ಎಂದರು ಇನ್‌ಚಾರ್ಜ್. ಬೇಸ್‌ಲೈನನ್ನು ಅಜ್ಜಿಯ ಎದುರು ತುಳುವಿನಲ್ಲೇ ಮತ್ತೆ ಮಾಡಿದೆವು. ಕಿವಿ ಪರೀಕ್ಷೆಗೂ ಕಳುಹಿಸಿದೆ: ಕಿವಿತಮಟೆ ಎಷ್ಟು ಅಲುಗುತ್ತದೆಂದು ತೋರಿಸುವ ಟಿಂಪನೋಗ್ರಾಂ ಎರಡೂ ಕಡೆ ಬಿ ಟೈಪ್, ಅಂದರೆ ತಮಟೆ ಅಲುಗುತ್ತಿಲ್ಲ, ಹಿಂದೆ ನೀರು ನಿಂತ ಲಕ್ಷಣ. ಇಂಥ ಮಕ್ಕಳಲ್ಲಿ ಅದನ್ನು ಮೊದಲೇ ನೋಡಬೇಕಿತ್ತು. ಗ್ರಾಫ್ ತಿರುಗಿಸಿದವರಲ್ಲಿ ಒಬ್ಬರೂ ಕೇಳಿರಲಿಲ್ಲ. ಈಗ ಇಎನ್‌ಟಿ ವೈದ್ಯರ ಕೈಯಲ್ಲಿದೆ.

ಆ್ಯಪ್‌ನವರಿಗೆ ತುಳು, ಕೊಂಕಣಿ, ಬ್ಯಾರಿ, ಕೈಸನ್ನೆ ಕಾಲಂ ಸೇರಿಸಿ ಎಂದು ಬರೆದೆ. ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತಾರಂತೆ. ಅಲ್ಲಿಯವರೆಗೆ "ಪೋಯಿ"ಯನ್ನು ಕನ್ನಡದ ಕಾಲಂನಲ್ಲೇ ಹಾಕುತ್ತಿದ್ದೇನೆ. ಆಡಿಟ್‌ಗೆ ಬಂದವರು ಬೇಕಾದರೆ ಕೇಳಲಿ.